ಗಾಜಿನ ಹಿಂದಿನ ಬಲ್ಬುಗಳು

ಡಿಸೆಂಬರ್ 5, 1993, ರವಿವಾರ

ಚಾರಮಿನಾರಿನ ತುದಿಗೆ ಮೊದಲ ಬಲ್ಬು ಹಚ್ಚಿದವ ನಾನು, ಅಮರೇಶಪ್ಪ. ಅದೂ ಏಣಿಯಿಲ್ಲದೆ. ಆ ಬೆಳಕಿಗೆ ಬೆಳಗಾಯಿತೆಂದು ತಿಳಿದು ನಮ್ಮ ಲಿಂಗಸೂಗೂರಿನ ಕಡೆ ಕೋಳಿ ಕೂಗಿದವು. ಯಾರೂ ನಂಬುವುದಿಲ್ಲ, ಅದಕ್ಕೇ ಬರೆದಿಡುತ್ತಿದ್ದೇನೆ. ಈ ಡೈರಿ ನಮ್ಮಕ್ಕನ ಮಗಳು ಸುಭದ್ರಾ ತನ್ನ ಆಫೀಸಿನಿಂದ ತಂದುಕೊಟ್ಟದ್ದು, ಹೋದ ವರ್ಷದ್ದು. ವಾರಗಳನ್ನು ನಾನೇ ತಿದ್ದಿಕೊಳ್ಳಬೇಕು. ಗಿರಿಜಾಗೆ ಓದಲು ಬರುತ್ತದೆ, ಆದರೆ ನನ್ನ ಅಕ್ಷರ ಓದಲು ದೇವರಿಗೂ ಬಾರದು, ಆದ್ದರಿಂದ ಭಯವಿಲ್ಲ.

ಇವತ್ತು ದೊಡ್ಡ ಕೆಲಸ ಹಿಡಿದೆ. ಸುಲ್ತಾನ್ ಬಜಾರಿನ ಬಳೆ ಅಂಗಡಿಯ ದತ್ತಾತ್ರೇಯ, ಸಿಕಂದರಾಬಾದಿನಲ್ಲಿ ಮುಚ್ಚಿಹೋದ ಒಂದು ಕ್ಲಬ್ಬಿನ ಲಿಲಾವಿನಲ್ಲಿ ಮೂರು ವಿಲಾಯತಿ ಆಟದ ಯಂತ್ರ ಹಿಡಿದು ತಂದಿದ್ದಾನೆ. ಪಿನ್‌ಬಾಲ್ ಅನ್ನುತ್ತಾರೆ. ಮಂಚದಷ್ಟು ಉದ್ದದ ಪೆಟ್ಟಿಗೆ, ಸ್ಪ್ರಿಂಗು ಎಳೆದು ಬಿಟ್ಟರೆ ಉಕ್ಕಿನ ಗುಂಡು ಓಡುತ್ತದೆ, ತಗುಲಿದ ಕಡೆ ದೀಪ ಹತ್ತುತ್ತದೆ, ಗಂಟೆ ಹೊಡೆಯುತ್ತದೆ. ತಲೆಯ ಕಡೆ ಬಣ್ಣದ ಚಿತ್ರ ಬರೆದ ದೊಡ್ಡ ಗಾಜು, ಅದರ ಹಿಂದೆ ಸಾಲು ಬಲ್ಬು. ಒಂದರ ಮೇಲೆ ಉಯ್ಯಾಲೆಯಲ್ಲಿ ತೂಗುವ ಸರ್ಕಸ್ಸಿನ ಹೆಂಗಸು, ಇನ್ನೊಂದರ ಮೇಲೆ ರೇಸಿನ ಕುದುರೆ, ಮೂರನೆಯದರ ಮೇಲೆ ಹಡಗು. ಮೂವತ್ತು ವರ್ಷದ ಹಳೆಯ ಮಾಲು. ಗುಂಡು ಓಡುತ್ತದೆ, ಬೆಳಕು ಮಾತ್ರ ಒಂದೂ ಇಲ್ಲ. ಕತ್ತಲೆಯ ಆಟಕ್ಕೆ ಯಾರು ನಾಣ್ಯ ಹಾಕುತ್ತಾರೆ? ಜನವರಿ ಒಂದಕ್ಕೆ ನಾಂಪಲ್ಲಿಯ ನುಮಾಯಿಶ್, ಅಂದರೆ ವಸ್ತುಪ್ರದರ್ಶನ, ಶುರು, ಅಲ್ಲಿ ಮಳಿಗೆ ಹಿಡಿದಿದ್ದಾನೆ. ಅಷ್ಟರೊಳಗೆ ಮೂರೂ ಬೆಳಗಬೇಕು.

"ಎಷ್ಟು ಕೂಲಿ ಕೊಡ್ಲಿ ಅಮರೇಶಪ್ಪನವರ?" ಅಂದ.

"ಮೂವತ್ತು ವರ್ಷ ಮದುವಿ ಮನಿಗೆ ದೀಪ ಹಾಕಿದಂವಗ ಕೂಲಿ ಕೇಳ್ತೀಯೇನು? ನನಗ ಪಾಲು ಬೇಕು."

"ಪಾಲಿಗೆ ಬಂಡವಾಳ ಬೇಕಲ್ರಿ."

"ಬಂಡವಾಳಕ್ಕ ಏನ್ ಬರ?" ಅಂದೆ. ನಾಲಿಗೆ ನನ್ನದೇ, ಆದರೆ ಕೆಲವೊಮ್ಮೆ ನನಗಿಂತ ಮುಂದೆ ನಡೆಯುತ್ತದೆ.

ಡಿಸೆಂಬರ್ 7, ಮಂಗಳವಾರ

ಗಿರಿಜಾ, ಅಂದರೆ ನನ್ನ ಹೆಂಡತಿ ಗಿರಿಜಾಬಾಯಿ, ಅಕ್ಕನ ಬಳಗದ ಖಜಾಂಚಿ. ಇಪ್ಪತ್ತೆರಡು ಹೆಂಗಸರು, ಎಲ್ಲ ನಮ್ಮ ಕಡೆಯವರೇ. ಸೋಮವಾರ ಸೋಮವಾರ ನಮ್ಮ ಮನೆಯಲ್ಲಿ ವಚನ ಹಾಡುತ್ತಾರೆ, ತಿಂಗಳಿಗೊಮ್ಮೆ ದೇವರ ಜಗಲಿಯ ಮೇಲಿನ ಡಬ್ಬಿಗೆ ಒಬ್ಬೊಬ್ಬರೂ ಇಪ್ಪತ್ತು ರೂಪಾಯಿ ಹಾಕುತ್ತಾರೆ. ಎರಡು ವರ್ಷದ ಮೇಲಾಯಿತು. ಬರುವ ಶಿವರಾತ್ರಿಗೆ ಬಸ್ಸು ಮಾಡಿಕೊಂಡು ಶ್ರೀಶೈಲಕ್ಕೆ ಹೋಗಿ ಅಕ್ಕಮಹಾದೇವಿಯ ಗವಿ ನೋಡಿ ಬರುವುದು, ಅದಕ್ಕೆ. ಗಂಡಸರಿಗೆ ಬಸ್ಸಿನಲ್ಲಿ ಜಾಗವಿಲ್ಲ. ಡಬ್ಬಿಗೆ ಬೀಗವಿಲ್ಲ. ದೇವರ ಜಗಲಿಗೆ ಬೀಗ ಹಾಕಿದರೆ ದೇವರ ಮೇಲೇ ಸಂಶಯಪಟ್ಟಂತೆ ಎಂದು ಬಳಗದ ಹಿರಿಯಳು ಅಂಬವ್ವ ತೀರ್ಪು ಕೊಟ್ಟಿದ್ದಾಳೆ.

ಗಿರಿಜಾ ಸಂತೆಗೆ ಹೋದಾಗ ಸ್ವಲ್ಪ ಕೈಗಡ ತೆಗೆದುಕೊಂಡೆ. ಐದುನೂರು. ನುಮಾಯಿಶ್ ಮುಗಿಯುವುದು ಫೆಬ್ರವರಿ ಹದಿನೈದಕ್ಕೆ, ಶಿವರಾತ್ರಿ ಮಾರ್ಚಿನಲ್ಲಿ. ಎರಡು ಪಟ್ಟು ಮಾಡಿ ಇಟ್ಟರೆ ಅಕ್ಕಮಹಾದೇವಿಯೇ ಬಂದು ಶಾಬಾಸ್ ಅಂದಾಳು.

ಡಿಸೆಂಬರ್ 12, ರವಿವಾರ

ದತ್ತಾತ್ರೇಯನ ಗೋದಾಮಿನಲ್ಲಿ ಯಂತ್ರ ಬಿಚ್ಚಿದೆ. ಆಟದ ಹಲಗೆಯನ್ನು ಪೆಟ್ಟಿಗೆಯ ಮುಚ್ಚಳದ ಹಾಗೆ ಎತ್ತಿ ನಿಲ್ಲಿಸಬಹುದು. ಮೊದಲು ಗುಂಡು ತೆಗೆಯಬೇಕಂತೆ. ನಾನು ತೆಗೆದಿರಲಿಲ್ಲ. ಅದು ಉರುಳಿ ನನ್ನ ಹೆಬ್ಬೆರಳಿನ ಮೇಲೆ ಬಿತ್ತು. ಗುಂಡು ಎಷ್ಟು ಗಟ್ಟಿ ಎಂದು ಪರೀಕ್ಷೆ ಮಾಡಿದೆ ಅಂತ ದತ್ತಾತ್ರೇಯನಿಗೆ ಹೇಳಿದೆ.

ಹಲಗೆಯ ಅಡಿಯಲ್ಲಿ ಬಲ್ಬುಗಳ ಕಾಡು. ಸಾಕೆಟ್ಟುಗಳಿಗೆ ತುಕ್ಕು ಹಿಡಿದಿದೆ. ಸುಭದ್ರಾಗೆ ರಜೆ, ನೋಡಲು ಬಂದಿದ್ದಳು. ಮೂವತ್ತಾಯಿತು ಆಕೆಗೆ, ಟೈಪಿಸ್ಟ್ ಕೆಲಸ, ಇಂಗ್ಲಿಷು ನೀರು ಕುಡಿದಂತೆ. ಪೆಟ್ಟಿಗೆಯ ಒಳಗೋಡೆಗೆ ಅಂಟಿಸಿದ್ದ ಹಳದಿ ಕಾಗದದ ಕಡೆ ಬಗ್ಗಿದಳು.

"ಮಾಮಾ, ಇಲ್ಲಿ ಏನೋ ಬರದಾರ ನೋಡ್ರಿ. ಓದ್ಲೇನು?"

"ಓದೀನಿ ಬಿಡು."

"ಏನ್ ಬರದಾರ ಹಂಗಾದ್ರ?"

"ಕಂಪನಿ ಹೆಸರು, ಊರು, ಮುಟ್ಟಬ್ಯಾಡ್ರಿ ಅಂತ."

"ಮುಟ್ಟಬ್ಯಾಡ್ರಿ ಅನ್ನಾಕ ಇಷ್ಟುದ್ದ ಬರದಾರ?"

"ಇಂಗ್ಲಿಷ್ ಮಂದಿಗೆ ಮಾತು ಭಾಳ. ನೀ ದೂರ ಸರಿ, ಬೆಳಕಿಗೆ ಅಡ್ಡ ನಿಂತಿ."

ನಾಲ್ಕನೇ ಇಯತ್ತೆ ಕಲಿತವನು ನಾನು, ಕನ್ನಡ ಸಾಲೆಯಲ್ಲಿ. ಹುಡುಗಿಯ ಮುಂದೆ ಅದನ್ನು ಹೇಳುವ ದರ್ದು ಏನಿದೆ?

ಡಿಸೆಂಬರ್ 18, ಶನಿವಾರ

ಕೋಠಿಯಲ್ಲಿ ಸ್ಕೂಟರ್ ಸಾಮಾನಿನ ಅಂಗಡಿಗೆ ಹೋಗಿ ಹಳೆಯ ಬಲ್ಬು ತೋರಿಸಿದೆ. ಅಂಗಡಿಯವ ಸ್ಕೂಟರಿನ ಸಣ್ಣ ಬಲ್ಬು ತಂದು ಪಕ್ಕದಲ್ಲಿಟ್ಟ. ಅದೇ ಹಿತ್ತಾಳೆಯ ಕೊರಳು, ಅದೇ ಎರಡು ಮೊಳೆ. ಯಂತ್ರದಲ್ಲಿ ಆರು ವೋಲ್ಟು, ಸ್ಕೂಟರಿನಲ್ಲೂ ಆರು ವೋಲ್ಟು. ವೋಲ್ಟು ಕೂಡಿತು, ಕೊರಳು ಕೂಡಿತು. ಲಗ್ನಕ್ಕೆ ಇನ್ನೇನು ನೋಡಬೇಕು? ಸಾವಿರ ಬಲ್ಬು ತಂದೆ. ಸಾವಿರ ಅಲ್ಲ, ಇನ್ನೂರು.

ಒತ್ತಿ ತಿರುವಿದರೆ ಕಟಕ್ಕೆಂದು ಕೂರುತ್ತದೆ. ತುಕ್ಕು ಹಿಡಿದ ಸಾಕೆಟ್ಟಿಗೆ ಪಾಲಿಶ್ ಕಾಗದ ಉಜ್ಜಿದೆ. ಅಲುಗಾಡುವುದಕ್ಕೆ ಬೀಡಿ ಕಟ್ಟಿನ ಕಾಗದ ಒತ್ತಿದೆ. ಹಚ್ಚಿದೆ. ಆಹಾ ಅನ್ನುವುದರೊಳಗೆ ಫ್ಯೂಜು ಹಾರಿತು. ಫ್ಯೂಜಿನ ಜಾಗಕ್ಕೆ ತಾಮ್ರದ ಎಳೆ ಸುತ್ತಿದೆ. ಮೂರೆಳೆಗೆ ಹಾರಿತು, ಐದೆಳೆಗೆ ಹಾರಿತು, ಎಂಟೆಳೆಗೆ ನಿಂತಿತು. ತಾಳಿ ಕಟ್ಟುವ ಹೊತ್ತಿಗೆ ದೀಪ ಹೋಗಬಾರದೆಂದು ನಾವು ದೀಪದವರೆಲ್ಲ ಹೀಗೇ ಮಾಡುತ್ತ ಬಂದವರು. ಎಷ್ಟು ಜೋಡಿಗಳು ನನ್ನ ಎಂಟೆಳೆಯ ಮೇಲೆ ಗಂಡಹೆಂಡಿರಾಗಿದ್ದಾರೆ.

ಬಲ್ಬಿಗೆ, ಮಳಿಗೆಯ ಪಾಲಿಗೆ ಡಬ್ಬಿಯಿಂದ ಮತ್ತೆ ತೆಗೆದೆ. ಒಟ್ಟು ಎರಡು ಸಾವಿರ ಆಗಿರಬಹುದು. ಹೆಚ್ಚಿಲ್ಲ.

ಜನವರಿ 1, 1994, ಶನಿವಾರ

ನೋಡಬೇಕಿತ್ತು. ನಾಂಪಲ್ಲಿಗೆ ನಾಂಪಲ್ಲಿಯೇ ನಮ್ಮ ಮಳಿಗೆಯ ಮುಂದೆ. ಸರ್ಕಸ್ಸಿನ ಹೆಂಗಸು ಹಗಲಿನಲ್ಲೂ ಹೊಳೆಯುತ್ತಿದ್ದಳು. ಮೂಲ ಯಂತ್ರದಲ್ಲಿ ಇಷ್ಟು ಬೆಳಕು ಇದ್ದಿರಲಾರದು ಎಂದ ದತ್ತಾತ್ರೇಯ. ವಿಲಾಯತಿ ಮಂದಿಗೆ ಕಂಜೂಸಿ, ನಾನು ಧಾರಾಳಿ ಅಂದೆ. ನಾಣ್ಯದ ಪೆಟ್ಟಿಗೆ ಎರಡು ಸಲ ತುಂಬಿತು. ಗಿರಿಜಾಳನ್ನೂ ಸುಭದ್ರಾಳನ್ನೂ ಕರೆದುಕೊಂಡು ಹೋಗಿದ್ದೆ. ಗಿರಿಜಾ ಒಂದು ಆಟ ಆಡಿದಳು. ಗುಂಡು ಕೆಳಗೆ ಬೀಳುವಾಗೆಲ್ಲ ಅಯ್ಯೋ ಶಿವನೇ ಅನ್ನುತ್ತಿದ್ದಳು, ಹಿಂದೆ ನಿಂತವರು ನಗುತ್ತಿದ್ದರು. ಆಕೆ ನಕ್ಕು ಭಾಳ ದಿನವಾಗಿತ್ತು.

ಗಾಜು ಮುಟ್ಟಿದರೆ ಸ್ವಲ್ಪ ಬಿಸಿ. ಜನರ ಉಸಿರಿಗೆ ಇರಬೇಕು.

ಜನವರಿ 3, ಸೋಮವಾರ

ಮುಖ ಹೋಯಿತು.

ಜನವರಿ 4, ಮಂಗಳವಾರ

ನಿನ್ನೆ ಬರೆಯಲಾಗಲಿಲ್ಲ. ಸಂಜೆ ಐದರ ಹೊತ್ತಿಗೆ ಸರ್ಕಸ್ಸಿನವಳ ಕೆನ್ನೆ ಉಬ್ಬಿತು. ಗಾಜಿನ ಹಿಂಬದಿಗೆ ಬರೆದ ಬಣ್ಣ ಅದು. ಹಪ್ಪಳದ ಹಾಗೆ ಗುಳ್ಳೆ ಎದ್ದು, ಮೂಗು, ಕಣ್ಣು, ಒಂದೊಂದೇ ಚೂರಾಗಿ ಬಲ್ಬುಗಳ ಮೇಲೆ ಬಿದ್ದವು. ಒಬ್ಬ ಹೆಂಗಸು ತನ್ನ ಕೂಸಿನ ಕಣ್ಣು ಮುಚ್ಚಿದಳು. ನೋಡುತ್ತಿದ್ದಂತೆ ಹಡಗಿನ ಯಂತ್ರದಿಂದ ಹೊಗೆ ಬಂತು. ಫ್ಯೂಜು ಹಾರಬೇಕಿತ್ತು. ಹಾರಲು ನಾನು ಬಿಟ್ಟಿರಲಿಲ್ಲ. ದತ್ತಾತ್ರೇಯ ಬಂದು ವೈರು ಕಿತ್ತ.

ಸರ್ಕಸ್ಸು, ಹಡಗು ಎರಡರ ಟ್ರಾನ್ಸ್‌ಫಾರ್ಮರೂ ಸುಟ್ಟಿವೆ. ಇಲ್ಲಿ ಮತ್ತೆ ಸಿಗುವ ಮಾಲಲ್ಲ. ಕುದುರೆಯದು ಉಳಿದಿದೆ, ಆದರೆ ಅದರ ಗಾಜಿನ ಬಣ್ಣವೂ ಅರ್ಧ ಹೋಗಿದೆ.

"ಒಳಗ ಕಾಗದ ಐತೆಲ್ರಿ, ಓದೀರಿ ಅಂದಿದ್ರಿ," ಅಂದ ದತ್ತಾತ್ರೇಯ. ಸಿಟ್ಟು ಮಾಡಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಜನವರಿ 10, ಸೋಮವಾರ

ಮನೆಯಲ್ಲಿ ಬಳಗ ಹಾಡುತ್ತಿತ್ತು. ನಾನು ಹಿತ್ತಲಿನಲ್ಲಿ ಕೂತಿದ್ದೆ. ಗಿರಿಜಾ ಬಸ್ಸಿನವನ ಬಳಿ ಮಾತಾಡಿ ಬಂದಿದ್ದಾಳೆ. ಫೆಬ್ರವರಿ 22ಕ್ಕೆ ರೊಕ್ಕ ಕೊಡಬೇಕು, ಇಲ್ಲವಾದರೆ ಬಸ್ಸು ಬೇರೆಯವರಿಗೆ. ಶಿವರಾತ್ರಿಗೆ ಶ್ರೀಶೈಲಕ್ಕೆ ಹೋಗುವವರಿಗೇನು ಕಮ್ಮಿಯೇ? ಶರಣಬಸಮ್ಮ ಅನ್ನುವಾಕೆ ಗವಿಗೆ ದೋಣಿಯಲ್ಲಿ ಹೋಗಬೇಕಂತೆ, ತನಗೆ ನೀರಿನ ಭಯ ಅಂತ ಗೋಳಾಡುತ್ತಿದ್ದಳು. ಅಂಬವ್ವ, "ಮುಳುಗಿದ್ರ ಎಲ್ಲಾರೂ ಕೂಡೇ ಮುಳುಗೂಣು, ಒಬ್ಬಾಕಿನ್ನ ಬಿಡಂಗಿಲ್ಲ" ಅಂದಳು. ಎಲ್ಲ ನಕ್ಕರು.

ಅವರು ಹೋಗುವ ತನಕ ಹಿತ್ತಲಲ್ಲೇ ಇದ್ದೆ.

ಜನವರಿ 12, ಬುಧವಾರ

ಹಳದಿ ಕಾಗದ ಬಿಡಿಸಿ ತಂದೆ. ಸುಭದ್ರಾ ಆಫೀಸಿನಿಂದ ಬಂದು ಚಾ ಕುಡಿಯುತ್ತಿದ್ದಳು. "ಕಣ್ಣಾಗ ಕಸ ಬಿದ್ದೈತಿ, ಇದಿಷ್ಟು ಓದು" ಅಂದೆ. ಆಕೆ ನನ್ನ ಕಣ್ಣು ನೋಡಲಿಲ್ಲ. ಕಾಗದ ತೆಗೆದುಕೊಂಡು ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದಳು. ನಲವತ್ತೇಳು ನಂಬರಿನ ಬಲ್ಬನ್ನೇ ಹಾಕಬೇಕು. ಬೇರೆ ಬಲ್ಬು ಹೆಚ್ಚು ಕರೆಂಟು ಎಳೆದು ಕಾಯುತ್ತದೆ, ಚಿತ್ರದ ಗಾಜು ಕೆಡುತ್ತದೆ. ಹೇಳಿದ್ದಕ್ಕಿಂತ ದೊಡ್ಡ ಫ್ಯೂಜು ಯಾವ ಕಾರಣಕ್ಕೂ ಬೇಡ.

"ಇನ್ನೊಮ್ಮೆ ಓದು" ಅಂದೆ. ಓದಿದಳು.

"ಮಾಮಾ, ಅವತ್ತ ನಾ ಕೇಳಿದ್ದೆ."

"ಕೇಳಿದ್ದಿ."

ಹಳೆಯ ಬಲ್ಬುಗಳ ಕೊರಳ ಮೇಲೆ 47 ಅಂತ ಕೊರೆದದ್ದು ನಾನೂ ನೋಡಿದ್ದೆ. ಕಾರಖಾನೆಯ ಗುರುತು ಅಂದುಕೊಂಡಿದ್ದೆ.

ಜನವರಿ 14, ಶುಕ್ರವಾರ

ಇಂದು ಸಂಕ್ರಮಣ. ಗಿರಿಜಾ ಎಳ್ಳು ಬೆಲ್ಲ ಕೊಟ್ಟು, ಒಳ್ಳೆ ಮಾತಾಡ್ರಿ ಅಂದಳು. ತಿಂದು ಚಪ್ಪಲಿ ಹಾಕಿಕೊಂಡು ಹೊರಟೆ.

ಕೋಠಿಯ ಗುಜರಾತಿ ಗಲ್ಲಿ ಪೂರಾ ತಿರುಗಿದೆ. ಆ ನಂಬರು ಯಾರಿಗೂ ಗೊತ್ತಿಲ್ಲ. ಕೊನೆಗೆ ಒಂದು ಮೆಟ್ಟಿಲ ಕೆಳಗೆ ರೇಡಿಯೋ ರಿಪೇರಿಯ ಮುದುಕ ಸಿಕ್ಕ, ವೈಜನಾಥ ಅಂತ, ಬೀದರಿನ ಕಡೆಯವ. ಬಲ್ಬನ್ನು ಕಣ್ಣಿಗೆ ಹಿಡಿದು ನೋಡಿದ.

"ಹಳೇ ರೇಡಿಯೋದ ಮುಖಕ್ಕ ಹಾಕ್ತಿದ್ವಲ್ಲ, ಅದೇ ಇದು. ತಣ್ಣಗ ಉರೀತಾವ. ನನ್ನ ಹತ್ರ ಒಂದು ಬಿಸ್ಕಿಟ್ ಡಬ್ಬಿ ತುಂಬ ಅದಾವ, ಯಾರಿಗೆ ಬೇಕಾಗ್ಯಾವ ಈಗ?" ನಾನು ಯಂತ್ರದ ಕಥೆ ಹೇಳಿದೆ. ಕೇಳಿ ಹಣೆ ಬಡಕೊಂಡ. "ಸ್ಕೂಟರ್ ಬಲ್ಬು ಹಾಕಿದ ಕತ್ತೆ ಯಾವುದಪ್ಪಾ?"

"ಯಾವನೋ ಮದುವಿ ದೀಪದಂವ."

"ಮದುವಿ ದೀಪದವರು ಎಲ್ಲಾದಕ್ಕೂ ತಂತಿ ಸುತ್ತತಾರ. ಹೋಗಲಿ, ಅಂವ ಈಗ ಎಲ್ಲಿದ್ದಾನ?"

ಮೆಟ್ಟಿಲ ಮೇಲೆ ಯಾರೋ ಇಳಿದು ಹೋದರು.

"ಇಲ್ಲೇ ನಿಂತಾನ" ಅಂದೆ.

ವೈಜನಾಥ ನಗಲಿಲ್ಲ. ಸ್ಟೂಲು ತೋರಿಸಿದ. ಸಾಕೆಟ್ಟಿಗೆ ಕಾಗದ ಒತ್ತುವುದು ತಪ್ಪು ಎಂದು ಹೇಳಿಕೊಟ್ಟ. ಬಲ್ಬಿನ ಕೊರಳು ಹಿಡಿಯುವ ಬಳೆಯಿಂದ ಕೆಳಗಿನ ತಗಡಿಗೆ ಒಂದು ಸಣ್ಣ ತಂತಿ ಬೆಸುಗೆ ಹಾಕಬೇಕು, ಆಗ ನಡುವಿನ ತುಕ್ಕು ದಾಟಿ ಕರೆಂಟು ಹೋಗುತ್ತದೆ. ತೀರ ಹೋದದ್ದನ್ನು ಕಿತ್ತು ಬೇರೆ ಕೂರಿಸಬೇಕು. ನನಗೆ ಐವತ್ತಾರು ವರ್ಷ. ಬೆಸುಗೆ ಹಿಡಿಯುವುದನ್ನು ಇವತ್ತು ಸರಿಯಾಗಿ ಕಲಿತೆ.

ಜನವರಿ 22, ಶನಿವಾರ

ಕುದುರೆ ಯಂತ್ರ. ಅರವತ್ತಮೂರು ಸಾಕೆಟ್ಟು. ಮೂವತ್ತೆಂಟಕ್ಕೆ ಬೆಸುಗೆ ಹಾಕಿದೆ, ಹತ್ತೊಂಬತ್ತು ಹೊಸದು ಕೂರಿಸಿದೆ, ಆರು ಚೆನ್ನಾಗಿದ್ದವು. ಕೈಬೆರಳು ಎಲ್ಲ ಸುಟ್ಟಿವೆ. ಕಾಗದದಲ್ಲಿ ಹೇಳಿದ ಫ್ಯೂಜೇ ಹಾಕಿದೆ. ಮಧ್ಯಾಹ್ನ ಪೂರ್ತಿ ಉರಿಸಿ ಕೂತೆ. ಹಾರಲಿಲ್ಲ. ಗಾಜಿಗೆ ಅಂಗೈ ಇಟ್ಟೆ, ತಣ್ಣಗಿತ್ತು.

ಫೆಬ್ರವರಿ 4, ಶುಕ್ರವಾರ

ಕುದುರೆ ಯಂತ್ರ ಮಳಿಗೆಯಲ್ಲಿ ಹತ್ತು ದಿನದಿಂದ ಸರಿಯಾಗಿ ಉರಿಯುತ್ತಿದೆ. ಜನ ಇಲ್ಲ. ಹೊಗೆ ಬಂದ ಮಳಿಗೆ ಅಂತ ಹೆಸರಾಗಿದೆ. ಗಾಜಿನಲ್ಲಿ ಕುದುರೆಗಳಿಗೆ ಕಾಲಿವೆ, ತಲೆ ಇಲ್ಲ. ಪಕ್ಕದಲ್ಲಿ ಟೀವಿಯಲ್ಲಿ ಆಡುವ ಹೊಸ ಆಟ ಬಂದಿದೆ, ಅಲ್ಲಿ ಕಾಲಿಡಲು ಜಾಗವಿಲ್ಲ.

ನಮ್ಮ ದೀಪದ ಮಾಲೆಗಳನ್ನು ಮಾರಲು ಒಬ್ಬ ಶಾಮಿಯಾನದವನ ಬಳಿ ಹೋದೆ. ಗೋಣಿಚೀಲ ಎತ್ತಿ ನೋಡಿ ತಾಮ್ರದ ತೂಕದ ಮೇಲೆ ಕೊಡುತ್ತೇನೆ ಅಂದ. ಹೊತ್ತುಕೊಂಡು ವಾಪಸು ಬಂದೆ. ಮರುದಿನ ಮತ್ತೆ ಹೋದೆ. ಕೊಡು ಅಂದೆ. ಅದು ಮಳಿಗೆಯ ಬಾಡಿಗೆಗೇ ಹೋಯಿತು.

ಫೆಬ್ರವರಿ 15, ಮಂಗಳವಾರ

ನುಮಾಯಿಶ್ ಮುಗಿಯಿತು. ದತ್ತಾತ್ರೇಯ ಎರಡು ಯಂತ್ರ ಗುಜರಿಗೆ ಹಾಕಿದ. ಲೆಕ್ಕ ತೋರಿಸಿದ, ತಪ್ಪಿಲ್ಲ. ಇಬ್ಬರಿಗೂ ಏನೂ ಉಳಿದಿಲ್ಲ. "ಕುದುರೀನ ನೀವ ಇಟ್ಗೋರಿ" ಅಂದ. ಎಲ್ಲಿ ಇಟ್ಟುಕೊಳ್ಳಲಿ?

ನಾಲ್ಕು ಸಾವಿರದ ಮೇಲೆ ಹೋಗಿರಬಹುದು ನನ್ನದು. ಐದು ಅಂತ ಇಟ್ಟುಕೊಳ್ಳೋಣ.

ಫೆಬ್ರವರಿ 19, ಶನಿವಾರ

ಗೌಳಿಗುಡದ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಎಂಟರಿಂದ ಕೂತಿದ್ದೆ. ರಾಯಚೂರಿನ ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು. ಟಿಕೆಟ್ಟಿಗೆ ರೊಕ್ಕ ಇತ್ತು. ಕಂಡಕ್ಟರ್ ಎರಡು ಸಲ ಕೇಳಿದ, ಹತ್ತುತ್ತೀಯಾ ಪೆದ್ದಾಯನಾ, ಅಂದರೆ ಹಿರಿಯನೇ, ಅಂತ. ಹನ್ನೆರಡಕ್ಕೆ ಮನೆಗೆ ಬಂದೆ. ಗಿರಿಜಾ ರೊಟ್ಟಿ ಮುಚ್ಚಿಟ್ಟಿದ್ದಳು.

ಫೆಬ್ರವರಿ 20, ರವಿವಾರ

ಇವತ್ತು ಮಾಡಿದ ಕೆಲಸ ಬರೆಯಲು ಪೆನ್ನು ಏಳುತ್ತಿಲ್ಲ. ಗಿರಿಜಾ ಜಗಲಿ ತೊಳೆಯುವಾಗ ಡಬ್ಬಿಯನ್ನು ಕೈಯಲ್ಲಿ ಎತ್ತುತ್ತಾಳೆ. ಹಗುರಾದರೆ ತಿಳಿಯುತ್ತದೆ. ಆಕೆ ನೀರಿಗೆ ಹೋದಾಗ ಕಿತ್ತ ಸಾಕೆಟ್ಟುಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿ ತುಂಬಿದೆ. ಎತ್ತಿ ನೋಡಿದೆ. ತೂಕ ಸರಿಬಂತು. ಇಷ್ಟು ವರ್ಷದಲ್ಲಿ ಒಂದಾದರೂ ಕೆಲಸ ಅಳತೆಗೆ ಸರಿಯಾಗಿ ಮಾಡಿದೆ.

ವಿಭೂತಿಯ ಗಟ್ಟಿ ಪಕ್ಕದಲ್ಲೇ ಇತ್ತು. ಹಚ್ಚಿಕೊಳ್ಳಲಿಲ್ಲ.

ಫೆಬ್ರವರಿ 21, ಸೋಮವಾರ

ಇಪ್ಪತ್ತೆರಡು ಹೆಂಗಸರೂ ಬಂದಿದ್ದರು. ಮಧ್ಯಾಹ್ನ ಮೂರಕ್ಕೆ ಹಾಡು ಮುಗಿಯಿತು. ನಾನು ಅಡಿಗೆಮನೆಯ ಬಾಗಿಲ ಮರೆಯಲ್ಲಿದ್ದೆ. ನಾಳೆ ಬಸ್ಸಿನವನಿಗೆ ಕೊಡಬೇಕಲ್ಲ, ಡಬ್ಬಿ ಇಳಿಸು ಅಂದಳು ಅಂಬವ್ವ.

ಗಿರಿಜಾ ಇಳಿಸಿದಳು. ಮಡಿಲಲ್ಲಿ ಇಟ್ಟುಕೊಂಡು ಮುಚ್ಚಳ ತೆಗೆದಳು. ಬಟ್ಟೆಯ ಗಂಟು ಬೆರಳಿನಿಂದ ಸ್ವಲ್ಪ ಸರಿಸಿದಳು. ಮುಚ್ಚಳ ಹಾಕಿದಳು. ನಮ್ಮ ಮನೆಯಲ್ಲಿ ಸಾಕೆಟ್ಟು ತರುವವ ಇನ್ಯಾರಿದ್ದಾರೆ? ಆಕೆ ನನ್ನ ಕಡೆ ತಿರುಗಲಿಲ್ಲ.

"ಸರಿ ಐತಿ" ಅಂದಳು.

"ಎಣಿಸೂಣು ತಾ."

"ನಾ ಎಣಿಸೀನಿ ಯವ್ವಾ. ನಾಳೆ ನಾನೇ ಹೋಗಿ ಕೊಟ್ಟು ಬರ್ತೀನಿ." ಹೀಗೆ ಅನ್ನುವಾಗ ಆಕೆಯ ಎಡಗೈ ಬಲಗೈಯಲ್ಲಿದ್ದ ಪಾಟ್ಲಿ ಬಳೆಯನ್ನು ತಿರುಗಿಸುತ್ತಿತ್ತು. ಆಕೆಯ ತವರಿನ ಬಂಗಾರ. ಅದೊಂದೇ ಉಳಿದಿರುವುದು.

ಹೊರಗೆ ಬಂದೆ. ಬರಬೇಕು ಅಂತ ಬಂದದ್ದಲ್ಲ, ಬಂದು ನಿಂತಿದ್ದೆ.

"ಆಕಿ ಎಣಿಸಿಲ್ಲರಿ. ಅದರಾಗ ರೊಕ್ಕ ಇಲ್ಲ, ತುಕ್ಕ ಹಿಡಿದ ಸಾಕೆಟ್ ಅದಾವ. ರೊಕ್ಕ ನಾ ತಗೊಂಡೀನಿ."

ಎಲ್ಲರೂ ನಕ್ಕರು. ಶರಣಬಸಮ್ಮನಿಗೆ ನಗು ತಡೆಯದೆ ಸೆರಗು ಬಾಯಿಗೆ ಹೋಯಿತು. "ಇವರ ಮಾತು ತಗೊಂಡು ಮನಿ ಕಟ್ಟಿದ್ರ ಗಾಳಿಗೆ ಹಾರ್ತೈತಿ" ಅಂದಳು.

"ಎಷ್ಟು ತಗೊಂಡಿಯೋ ತಮ್ಮಾ?" ಅಂಬವ್ವ ಕೇಳಿದಳು, ಆಕೆಯೂ ನಗುತ್ತಲೇ. "ಲಕ್ಷ?"

ನಾಲಿಗೆಯ ಮೇಲೆ ಐದು ಸಾವಿರ ಅಂತ ಬಂದಿತ್ತು. ನುಂಗಿದೆ.

"ಹನ್ನೊಂದು ಸಾವಿರದ ನಾಲ್ಕುನೂರಾ ನಲವತ್ತು."

ನಗು ಒಂದು ಕಡೆಯಿಂದ ನಿಲ್ಲುತ್ತ ಬಂತು. ಅಂಬವ್ವ ನನ್ನ ಮುಖ ನೋಡಿದಳು, ಆಮೇಲೆ ಗಿರಿಜಾಳದು.

"ಲಕ್ಷ ಅಂದಿದ್ರ ಹೋಗಲಿ ಬಿಡು ಅಂತಿದ್ದೆ" ಅಂದಳು. "ಇಂವ ನಲವತ್ತು ಅನ್ನಾಕತ್ತಾನಂದ್ರ ಖರೇ ಐತಿ."

ಯಾರೂ ಬೈಯಲಿಲ್ಲ. ಒಬ್ಬೊಬ್ಬರೇ ಚಪ್ಪಲಿ ಹಾಕಿಕೊಂಡು ಹೋದರು. ಶರಣಬಸಮ್ಮ ತನ್ನ ಚಪ್ಪಲಿ ಯಾವುದೆಂದು ಗುರುತು ಸಿಗದೆ ಭಾಳ ಹೊತ್ತು ನಿಂತಿದ್ದಳು. ಬಸ್ಸು ಬೇಡ ಎಂದು ಹೇಳಿ ಬರಲು ಸುಭದ್ರಾ ಹೋಗಿದ್ದಾಳೆ.

ಗಿರಿಜಾ ಡಬ್ಬಿಯಿಂದ ಸಾಕೆಟ್ಟುಗಳನ್ನು ಒಂದೊಂದಾಗಿ ತೆಗೆದು ನೆಲದ ಮೇಲೆ ಇಟ್ಟಳು. "ನಾ ಮುಚ್ಚಿದ್ದೆನಲ್ರಿ" ಅಂದಳು. "ಯಾಕ ತಗದ್ರಿ?"

ಈ ಡೈರಿಯಲ್ಲಿ ಹಿಂದೆ ಐದುನೂರು, ಎರಡು ಸಾವಿರ, ಐದು ಸಾವಿರ ಅಂತ ಬರೆದಿದ್ದೇನೆ. ಅವನ್ನು ಹೊಡೆದು ಹಾಕಿಲ್ಲ, ಇರಲಿ. ಇಪ್ಪತ್ತೆರಡು ಹೆಂಗಸರ ಇಪ್ಪತ್ತಾರು ತಿಂಗಳಿನ ರೊಕ್ಕದಲ್ಲಿ ನಾನು ಕಳೆದದ್ದು ಹನ್ನೊಂದು ಸಾವಿರದ ನಾಲ್ಕುನೂರಾ ನಲವತ್ತು ರೂಪಾಯಿ. ಡಬ್ಬಿಯಲ್ಲಿ ಇದ್ದದ್ದೂ ಅಷ್ಟೇ.